ಮೂಳೆಯ ಕೋಶಕ್ಕೆ ಅರಸನುಂಟೆ? ‘ನಿಯಂತ್ರಣ’ವೆಂಬ ಮಾತಿನ ಒಂದು ವಿಮರ್ಶೆ

೧

ಒಂದು ಶಾಸ್ತ್ರವು ಇನ್ನೊಂದರಿಂದ ಮಾತನ್ನು ಎರವಲು ತಂದಾಗ, ಆ ಮಾತಿನ ಹಳೆಯ ಸಂಸ್ಕಾರವೂ ಅದರ ಜೊತೆಯಲ್ಲಿಯೇ ಬರುತ್ತದೆ. ಜೀವವಿಜ್ಞಾನದಲ್ಲಿ ಇಂದು ಎಲ್ಲೆಲ್ಲಿಯೂ ಕೇಳಿಬರುವ ‘ನಿಯಂತ್ರಣ’ವೆಂಬುದು ಅಂಥ ಮಾತು. ಇದು ಮೂಲತಃ ಆಡಳಿತಕ್ಕೆ ಸೇರಿದುದು. ನಿಯಂತ್ರಿಸುವವನೊಬ್ಬ, ಅದಕ್ಕೆ ಒಳಪಡುವವನೊಬ್ಬ, ಇಬ್ಬರ ನಡುವೆ ಒಂದು ಆಜ್ಞೆ, ಇಷ್ಟನ್ನೂ ಅದು ಮೊದಲೇ ಒಪ್ಪಿಕೊಂಡುಬಿಟ್ಟಿದೆ. ಮೂಳೆಯ ಕೋಶಗಳು ರೂಪುಗೊಳ್ಳುವಾಗ ಯಾವ ವಂಶವಾಹಿ ಯಾವಾಗ ಕೆಲಸಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ವಿಚಾರಿಸುವ ಎಪಿಜೆನೆಟಿಕ್ಸ್ ಶಾಖೆಯಲ್ಲಿಯೂ ಇದೇ ಮಾತು ರೂಢಿಯಲ್ಲಿದೆ. ಆ ಶಾಖೆ ಕಂಡುಕೊಂಡಿರುವ ಸಂಗತಿಗಳಿಗೂ ಅವುಗಳನ್ನು ಹೇಳಲು ಬಳಸುತ್ತಿರುವ ಈ ಮಾತಿಗೂ ಹೊಂದಿಕೆಯಿಲ್ಲವೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚರಿತ್ರೆಯ ಅಧ್ಯಾಪಕನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಓದುಗರು ಕೇಳಬಹುದು. ಪ್ರಯೋಗಶಾಲೆಯ ಫಲಿತಾಂಶಗಳನ್ನು ತೂಗಿನೋಡುವ ಅಧಿಕಾರ ನನಗೆ ಖಂಡಿತವಾಗಿಯೂ ಇಲ್ಲ. ಆದರೆ ಆ ಫಲಿತಾಂಶಗಳನ್ನು ನಿರೂಪಿಸುವ ಕ್ರಮದಲ್ಲಿ ಕಂಡುಬರುವ ದೋಷ ನಮ್ಮ ಶಾಸ್ತ್ರಕ್ಕೆ ಚಿರಪರಿಚಿತವಾದುದು. ಅದರಿಂದ ಪೆಟ್ಟುತಿಂದು ನಾವು ಒಂದಿಷ್ಟು ಪಾಠ ಕಲಿತಿದ್ದೇವೆ. ಅಲ್ಲದೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆಯಲ್ಲಿ ನೀರಿಗೂ ಮೂಳೆಗೂ ಇರುವ ಸಂಬಂಧವು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಆದುದರಿಂದ ಮಾತಿನ ವಿಮರ್ಶೆ ಇಲ್ಲಿ ಬರಿಯ ಮಾತಿನ ವಿಮರ್ಶೆಯಾಗಿ ಉಳಿಯುವುದಿಲ್ಲ.

೨

ಈ ಚರ್ಚೆಗೆ ದೀರ್ಘವಾದ ಇತಿಹಾಸವಿದೆ. ಗರ್ಭದಲ್ಲಿ ಜೀವಿಯ ಸಮಸ್ತ ಅಂಗಗಳೂ ಸೂಕ್ಷ್ಮರೂಪದಲ್ಲಿ ಮೊದಲೇ ಸಿದ್ಧವಾಗಿದ್ದು, ಮುಂದೆ ಹಿಗ್ಗುವುದಷ್ಟೇ ಉಳಿದಿರುತ್ತದೆಂದು ಒಂದು ಪಕ್ಷದವರು ಹೇಳುತ್ತಿದ್ದರು. ಅಂಗಗಳು ಒಂದಾದ ಮೇಲೊಂದು ಹೊಸದಾಗಿ ಉಂಟಾಗುತ್ತವೆಂಬುದು ಮತ್ತೊಂದು ಪಕ್ಷ. ಈ ಎರಡನೆಯ ವಾದಕ್ಕೆ ‘ಎಪಿಜೆನೆಸಿಸ್’ ಎಂಬ ಹೆಸರನ್ನು ೧೬೫೧ರಲ್ಲಿ ವಿಲಿಯಂ ಹಾರ್ವೆ ಬಳಸಿದನು. ೧೭೫೯ರಲ್ಲಿ ಕಾಸ್ಪರ್ ಫ್ರೀಡ್ರಿಶ್ ವೋಲ್ಫ್ ಅದನ್ನು ಪ್ರತ್ಯಕ್ಷ ವೀಕ್ಷಣೆಯ ಬಲದಿಂದ ಎತ್ತಿಹಿಡಿದನು. ೧೯೪೨ರಲ್ಲಿ ಸಿ. ಎಚ್. ವ್ಯಾಡಿಂಗ್ಟನ್ ಈ ಹಳೆಯ ಪದದಿಂದಲೇ ‘ಎಪಿಜೆನೆಟಿಕ್ಸ್’ ಎಂಬ ಹೊಸ ಪದವನ್ನು ಕಟ್ಟಿದರು. ವಂಶವಾಹಿಗಳಿಗೂ ಅವುಗಳಿಂದ ಕೊನೆಯಲ್ಲಿ ಮೈದಾಳುವ ರೂಪಕ್ಕೂ ನಡುವೆ ಏನು ನಡೆಯುತ್ತದೆಂಬುದೇ ಅವರ ಪ್ರಶ್ನೆಯಾಗಿತ್ತು. ಆ ನಡುವಿನ ಹಾದಿಯ ರಾಸಾಯನಿಕ ವಿವರಗಳು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.

ಆ ವಿವರಗಳು ಮುಂದೆ ಒಂದೊಂದಾಗಿ ದೊರಕಿದುವು. ಮನುಷ್ಯನ ಕೋಶಕೇಂದ್ರದಲ್ಲಿ ಸುಮಾರು ಎರಡು ಮೀಟರು ಉದ್ದದ ಡಿ.ಎನ್.ಎ. ಎಳೆ ಅಡಕವಾಗಿರುತ್ತದೆ. ಹಿಸ್ಟೋನ್ ಎಂಬ ಪ್ರೊಟೀನಿನ ಉಂಡೆಗಳಿಗೆ ಅದು ಸುತ್ತಿಕೊಂಡಿರುತ್ತದೆ. ಹಿಸ್ಟೋನಿಗೆ ಅಸಿಟೈಲ್ ಗುಂಪು ಸೇರಿದಾಗ ಆ ಭಾಗದ ವಂಶವಾಹಿ ಹೆಚ್ಚು ಚುರುಕಾಗುವುದೆಂಬುದನ್ನು ೧೯೬೪ರಲ್ಲಿ ವಿನ್ಸೆಂಟ್ ಆಲ್‌ಫ್ರೆ ಮತ್ತು ಅವರ ಸಹೋದ್ಯೋಗಿಗಳು ಸೂಚಿಸಿದರು. ಎಳೆಯ ಮೇಲೆಯೇ ಮೀಥೈಲ್ ಗುಂಪು ಅಂಟಿಕೊಂಡರೆ ವಂಶವಾಹಿ ಸಾಮಾನ್ಯವಾಗಿ ಮೌನವಾಗುತ್ತದೆ. ಕೋಶವು ಇಬ್ಭಾಗವಾದಾಗ ಈ ಗುರುತು ಮರಿಕೋಶಗಳಿಗೂ ದಾಟಬಲ್ಲುದೆಂಬ ಊಹೆಯನ್ನು ೧೯೭೫ರಲ್ಲಿ ಆರ್ಥರ್ ರಿಗ್ಸ್ ಒಂದು ಕಡೆ, ಹಾಲಿಡೇ ಮತ್ತು ಪ್ಯೂ ಇನ್ನೊಂದು ಕಡೆ ಮುಂದಿಟ್ಟರು. ಯಕೃತ್ತಿನ ಕೋಶಕ್ಕೂ ಮೂಳೆಯ ಕೋಶಕ್ಕೂ ಇರುವ ಪಾಠ ಒಂದೇ. ಅದರಲ್ಲಿ ಯಾವ ಭಾಗ ತೆರೆದಿದೆ, ಯಾವ ಭಾಗ ಮುಚ್ಚಿದೆಯೆಂಬುದರಲ್ಲಿ ಮಾತ್ರ ಅವು ಭಿನ್ನ. ಎಪಿಜೆನೆಟಿಕ್ಸಿನ ತಿರುಳು ಸ್ಥೂಲವಾಗಿ ಇಷ್ಟೇ.

೩

ಇನ್ನು ಮೂಳೆಯ ವಿಷಯಕ್ಕೆ ಬರೋಣ. ಮೂಳೆ ಕಟ್ಟುವ ಕೋಶವು, ಅಂದರೆ ಆಸ್ಟಿಯೋಬ್ಲಾಸ್ಟ್, ಮೊದಲಿನಿಂದಲೂ ಮೂಳೆಯ ಕೋಶವಾಗಿರುವುದಿಲ್ಲ. ಕೊಬ್ಬಿನ ಕೋಶ, ಮೃದ್ವಸ್ಥಿಯ ಕೋಶ, ಮೂಳೆಯ ಕೋಶ ಈ ಮೂರೂ ಆಗಬಲ್ಲ ಒಂದು ಸಾಮಾನ್ಯ ಮೂಲದಿಂದ ಅದು ಹೊರಡುತ್ತದೆ. ೧೯೯೭ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾದ ನಾಲ್ಕು ಲೇಖನಗಳು ಈ ಪಯಣದಲ್ಲಿ ರನ್ಕ್ಸ್-೨ ಎಂದು ಈಗ ಕರೆಯುವ ವಂಶವಾಹಿಯ ಸ್ಥಾನವನ್ನು ಸ್ಪಷ್ಟಪಡಿಸಿದುವು. ಅದನ್ನು ತೆಗೆದುಹಾಕಿದ ಇಲಿಮರಿಗಳಲ್ಲಿ ಅಸ್ಥಿಪಂಜರವೆಲ್ಲ ಮೃದ್ವಸ್ಥಿಯಾಗಿಯೇ ಉಳಿಯಿತು. ಅವು ಹುಟ್ಟಿದೊಡನೆ ಉಸಿರಾಡಲಾರದೆ ಸತ್ತುವು. ಮನುಷ್ಯರಲ್ಲಿ ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಕೊರಳೆಲುಬು ಅಪೂರ್ಣವಾಗುವ ಅಥವಾ ಇಲ್ಲವೇ ಆಗುವ ಒಂದು ವಿಕಾರ ಉಂಟಾಗುತ್ತದೆ. ೨೦೦೨ರಲ್ಲಿ ಆಸ್ಟೆರಿಕ್ಸ್ ಎಂಬ ಇನ್ನೊಂದು ವಂಶವಾಹಿ ಇದರ ಮುಂದಿನ ಹಂತದಲ್ಲಿ ಅಗತ್ಯವೆಂಬುದು ತಿಳಿಯಿತು.

ಇದಾದ ಮೇಲೆ ರನ್ಕ್ಸ್-೨ಕ್ಕೆ ‘ಅಧಿಪತಿ ವಂಶವಾಹಿ’ಯೆಂಬ ಬಿರುದು ಸಂದಿತು. ನನ್ನ ಆಕ್ಷೇಪಣೆ ಇಲ್ಲಿಂದ ಆರಂಭವಾಗುತ್ತದೆ. ನಮ್ಮ ಶಾಸನಗಳನ್ನು ಓದಿದವರಿಗೆ ಈ ಬಿರುದಿನ ಪರಿಚಯ ಚೆನ್ನಾಗಿಯೇ ಇದೆ. ೧೯೦೪ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ತುಮಕೂರು ಜಿಲ್ಲೆಯ ಸಂಪುಟವನ್ನು ತೆರೆದು ಹೊಯ್ಸಳರ ಕಾಲದ ದಾನಶಾಸನಗಳನ್ನು ನೋಡಬಹುದು. ಮೊದಲು ಅರಸನ ಬಿರುದಾವಳಿ. ಆಮೇಲೆ ಅವನ ಕೈಕೆಳಗಿನವರ ಪ್ರಶಂಸೆ. ಕೊನೆಗೆ ಎಲ್ಲೋ ಒಂದು ಕಡೆ ಗದ್ದೆಯ ಎಲ್ಲೆ, ಕೆರೆಯ ತೂಬು, ಊರ ಗಾವುಂಡರ ಹೆಸರು. ಕೆಲಸ ನಡೆದದ್ದು ಈ ಕೊನೆಯ ಭಾಗದಲ್ಲಿ. ಆದರೂ ಬಹುಕಾಲದವರೆಗೆ ನಾವು ಶಾಸನದ ಮೊದಲ ಭಾಗವನ್ನೇ ಚರಿತ್ರೆಯೆಂದು ಬಗೆದು, ಇಂಥ ಅರಸನು ಇಂಥ ಕೆರೆಯನ್ನು ಕಟ್ಟಿಸಿದನೆಂದು ಬರೆದೆವು. ಅರಸನ ಹೆಸರಿಲ್ಲದೆ ಶಾಸನವಿಲ್ಲವೆಂಬುದು ನಿಜ. ಅಷ್ಟರಿಂದ ಅರಸನೇ ಕೆರೆಯನ್ನು ಕಟ್ಟಿದನೆಂದು ಸಿದ್ಧವಾಗುವುದಿಲ್ಲ. ಒಂದು ಕಾರ್ಯಕ್ಕೆ ಅನಿವಾರ್ಯವಾದುದು ಬೇರೆ, ಆ ಕಾರ್ಯವನ್ನು ನಡಸುವುದು ಬೇರೆ.

ರನ್ಕ್ಸ್-೨ರ ವಿಚಾರದಲ್ಲಿಯೂ ಹೀಗೆಯೇ. ಅದರ ಪ್ರೊಟೀನು ಹೋಗಿ ಕೂಡಬೇಕಾದ ಸ್ಥಳಗಳು ಮುಚ್ಚಿದ್ದರೆ ಅದು ಏನನ್ನೂ ಮಾಡಲಾರದು. ಮೂಳೆಯಾಗದ ಕೋಶಗಳಲ್ಲಿ ಆಸ್ಟಿಯೋಕ್ಯಾಲ್ಸಿನ್ ವಂಶವಾಹಿಯ ಸುತ್ತಲಿನ ಭಾಗ ಬಿಗಿಯಾಗಿ ಸುತ್ತಿಕೊಂಡು, ಮೀಥೈಲ್ ಗುರುತುಗಳನ್ನು ಹೊತ್ತು ಮೌನವಾಗಿರುತ್ತದೆ. ಮೂಳೆಯ ಕೋಶ ಬಲಿಯುತ್ತ ಹೋದಂತೆ ಆ ಗುರುತುಗಳು ಕಡಮೆಯಾಗಿ ಸುತ್ತು ಸಡಿಲುತ್ತದೆ. ಹಿಸ್ಟೋನಿಗೆ ಬೇರೊಂದು ಬಗೆಯ ಮೀಥೈಲ್ ಗುರುತು ಹಾಕುವ ಇ.ಜೆಡ್.ಎಚ್.-೨ ಎಂಬ ಕಿಣ್ವವು ಮೂಲಕೋಶದಲ್ಲಿ ಮೂಳೆಯ ವಂಶವಾಹಿಗಳನ್ನು ತಡೆದಿಟ್ಟಿರುತ್ತದೆ. ಆ ತಡೆ ತೆರವಾಗದೆ ಮುಂದಿನ ಹೆಜ್ಜೆಯಿಲ್ಲ. ಇನ್ನೂ ಗಮನಾರ್ಹವಾದ ಸಂಗತಿಯೊಂದುಂಟು. ಬಲಿತ ಮೂಳೆಕೋಶಗಳಲ್ಲಿ ರನ್ಕ್ಸ್-೨ ಅತಿಯಾಗಿ ಕೆಲಸಮಾಡುವಂತೆ ಮಾಡಿದ ಇಲಿಗಳಲ್ಲಿ ಮೂಳೆ ಗಟ್ಟಿಯಾಗಲಿಲ್ಲ. ಕೋಶಗಳ ಬಲಿಯುವಿಕೆ ಕುಂಠಿತವಾಗಿ ಮೂಳೆ ಬಡವಾಯಿತೆಂದು ೨೦೦೧ರಲ್ಲಿ ವರದಿಯಾಯಿತು. ಆರಂಭದಲ್ಲಿ ಇಲ್ಲದಿದ್ದರೆ ಮೂಳೆಯೇ ಇಲ್ಲ. ಕೊನೆಯಲ್ಲಿ ಹೆಚ್ಚಾದರೆ ಮೂಳೆಗೆ ಹಾನಿ. ಹೀಗಿರಲಾಗಿ ಇದನ್ನು ಅಧಿಪತಿಯೆನ್ನುವುದು ಹೇಗೆ? ಅದರ ಅರ್ಥ ಅದು ಬಂದ ಹೊತ್ತಿನಿಂದ ನಿರ್ಣಯವಾಗುತ್ತದೆ. ಹೊತ್ತಿನಿಂದ ಅರ್ಥ ಬದಲಾಗುವ ಸಂಗತಿಯನ್ನು ನಮ್ಮ ಶಾಸ್ತ್ರದಲ್ಲಿ ಘಟನೆಯೆನ್ನುತ್ತೇವೆ, ಆಜ್ಞೆಯೆನ್ನುವುದಿಲ್ಲ.

೪

ಈ ಕೋಶಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಲು ಹೋಲಿಕೆಯೊಂದು ಬೇಕಾದರೆ, ಅದನ್ನು ಶಾನುಭೋಗರ ಪೆಟ್ಟಿಗೆಯಲ್ಲಿ ಹುಡುಕಬಹುದು. ಬಟ್ಟೆಗೆ ಇದ್ದಿಲಪುಡಿಯನ್ನೂ ಹುಣಿಸೆಬೀಜದ ಸರಿಯನ್ನೂ ಬಳಿದು, ಒಣಗಿಸಿ, ಮಡಿಸಿ ಮಾಡಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು. ಆದರೂ ಜೋಪಾನವಾಗಿ ಇಟ್ಟರೆ ಆ ಬರಹ ತಲೆಮಾರುಗಳ ಕಾಲ ಉಳಿಯುತ್ತಿತ್ತು. ಡಿ.ಎನ್.ಎ.ಯ ಅಕ್ಷರಕ್ರಮ ಕಲ್ಲಿನ ಶಾಸನದಂತೆ. ಅದರ ಮೇಲಿನ ಮೀಥೈಲ್ ಮತ್ತು ಅಸಿಟೈಲ್ ಗುರುತುಗಳು ಕಡತದ ಬರಹದಂತೆ. ಒಂದು ಅಳಿಸಲಾಗದ್ದು, ಇನ್ನೊಂದು ಅಳಿಸಬಹುದಾದರೂ ತಾನಾಗಿ ಅಳಿಯದ್ದು.

ಆದರೆ ಹೋಲಿಕೆಯನ್ನು ಕೊಟ್ಟವನೇ ಅದರ ಮಿತಿಯನ್ನೂ ಹೇಳಬೇಕಾದುದು ನ್ಯಾಯ. ಕಡತಕ್ಕೆ ಬರೆಯುವ ಶಾನುಭೋಗನೊಬ್ಬನಿದ್ದನು. ಕೋಶದಲ್ಲಿ ಅಂಥವನಿಲ್ಲ. ಗುರುತು ಹಾಕುವ ಕಿಣ್ವವೂ ಅದನ್ನು ಅಳಿಸುವ ಕಿಣ್ವವೂ ಅದೇ ಪಾಠದಿಂದ ಹುಟ್ಟಿದುವು. ಅವುಗಳ ಪ್ರಮಾಣ ಆ ಮೊದಲೇ ಬಿದ್ದ ಗುರುತುಗಳಿಂದ ನಿರ್ಣಯವಾದುದು. ‘ಅಧಿಪತಿ ವಂಶವಾಹಿ’ಯನ್ನು ಕೆಳಗಿಳಿಸಿ ಆ ಪೀಠದಲ್ಲಿ ‘ಎಪಿಜೆನೆಟಿಕ್ ನಿಯಂತ್ರಣ’ವನ್ನು ಕೂರಿಸಿದರೆ ಅರಸು ಬದಲಾಯಿತೇ ಹೊರತು ಅರಸೊತ್ತಿಗೆ ಹೋಗಲಿಲ್ಲ.

ವಂಶ ಒಂದೇ ಆಗಿದ್ದೂ ಫಲ ಬೇರೆಯಾಗಬಲ್ಲುದೆಂಬುದಕ್ಕೆ ನಿಸ್ಸಂದೇಹವಾದ ನಿದರ್ಶನ ತೆಂಗಿನ ಬಂಧುವೊಂದರಲ್ಲಿ ದೊರೆತಿದೆ. ತೆಂಗಿನ ಕುಲಕ್ಕೇ ಸೇರಿದ ಎಣ್ಣೆತಾಳೆಯನ್ನು ಅಂಗಾಂಶ ಕೃಷಿಯಿಂದ ಬೆಳೆಸಿದಾಗ, ಒಂದೇ ತಾಯಿಯ ತದ್ರೂಪಿ ಸಸಿಗಳಲ್ಲಿ ಕೆಲವು ಮಾತ್ರ ಎಣ್ಣೆಯಿಲ್ಲದ ವಿಕಾರವಾದ ಹಣ್ಣನ್ನು ಬಿಡುತ್ತಿದ್ದುವು. ಡಿ.ಎನ್.ಎ.ಯ ಒಂದು ನಿರ್ದಿಷ್ಟ ಸ್ಥಳದಲ್ಲಿ ಮೀಥೈಲ್ ಗುರುತು ಅಳಿದುಹೋಗಿರುವುದೇ ಇದಕ್ಕೆ ಕಾರಣವೆಂದು ಮಲೇಷಿಯಾದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ೨೦೧೫ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ತಿಪಟೂರು ಎತ್ತರದ ತಳಿಯಲ್ಲಿ ಇಂಥ ಸ್ಪಷ್ಟತೆ ಸಾಧ್ಯವಿಲ್ಲ. ಅದು ಪರಕೀಯ ಪರಾಗದಿಂದ ಕಾಯಿಕಟ್ಟುವ ಮರವಾದುದರಿಂದ ಒಂದು ಮರದ ವಂಶ ಇನ್ನೊಂದಕ್ಕೆ ಸಮವಲ್ಲ. ಒಳ್ಳೆಯ ತಾಯಿಮರವನ್ನು ನೋಡಿ ಬೀಜದ ಕಾಯಿ ಆರಿಸುವ ರೈತನು, ಆ ಮರದ ಹೆಚ್ಚುಗಾರಿಕೆ ಹುಟ್ಟಿನಿಂದ ಬಂದುದೋ ಬುಡದಲ್ಲಿ ಹರಿಯುವ ಬಚ್ಚಲ ನೀರಿನಿಂದ ಬಂದುದೋ ಎಂಬುದನ್ನು ನೋಡಿದ ಮಾತ್ರಕ್ಕೆ ಹೇಳಲಾರ. ಇದೇ ಕಷ್ಟ ಮನುಷ್ಯರ ಮೂಳೆಯ ವಿಷಯದಲ್ಲಿ ಎದುರಾದಾಗ ಏನಾಯಿತೆಂಬುದನ್ನು ಈಗ ನೋಡಬೇಕು.

೫

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿಯೂ ಸುತ್ತಲಿನ ಮಲೆನಾಡಿನ ಇತರ ಹಳ್ಳಿಗಳಲ್ಲಿಯೂ ೧೯೭೦ರ ದಶಕದ ನಡುವೆ ಒಂದು ಮೂಳೆಯ ರೋಗ ಗಮನಕ್ಕೆ ಬಂದಿತು. ಸೊಂಟದ ಮತ್ತು ಮೊಣಕಾಲಿನ ಕೀಲುಗಳು ನೋಯುತ್ತ ಸವೆದು, ಕೆಲವರು ನೆಟ್ಟಗೆ ನಿಲ್ಲಲಾರದವರಾದರು; ಕೆಲವರ ಬೆಳವಣಿಗೆ ಕುಬ್ಜವಾಯಿತು. ರೋಗಪೀಡಿತರು ಬಹುಮಟ್ಟಿಗೆ ಚಲವಾದಿ ಮತ್ತು ಚನ್ನಯ್ಯ ಸಮುದಾಯಗಳ ಕೃಷಿಕಾರ್ಮಿಕರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಭಟ್ ಅವರು ೧೯೭೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿರೋಗವೆಂದು ಕರೆದರು. ಆ ಹೆಸರನ್ನು ವಿಮರ್ಶಕನು ಒಂದು ಕ್ಷಣ ನಿಂತು ನೋಡಬೇಕು. ‘ಸ್ಥಳೀಯ’ವೆಂಬುದು ನೆಲವನ್ನು ಹೇಳುತ್ತದೆ, ‘ಕೌಟುಂಬಿಕ’ವೆಂಬುದು ವಂಶವನ್ನು ಹೇಳುತ್ತದೆ. ಎರಡರಲ್ಲಿ ಯಾವುದೆಂದು ತೀರ್ಮಾನಿಸದ ಪ್ರಾಮಾಣಿಕತೆ ಆ ಹೆಸರಿನಲ್ಲಿದೆ.

ಮುಂದಿನ ಚರ್ಚೆಯಲ್ಲಿ ಈ ಸಂಯಮ ಉಳಿಯಲಿಲ್ಲ. ಕೀಟನಾಶಕ ಸಿಂಪಡಿಸಿದ ಗದ್ದೆಗಳಲ್ಲಿನ ಏಡಿಯನ್ನು ಬಡವರು ತಿಂದುದರಿಂದ ರೋಗ ಬಂದಿತೆಂಬ ಶಂಕೆ ಹಬ್ಬಿತು. ಆಮೇಲೆ ಕುಟುಂಬಗಳ ವಂಶಾವಳಿಯನ್ನು ಪರಿಶೀಲಿಸಿದ ಸಂಶೋಧಕರು, ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೂ ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಬರಬಹುದಾದ ಪ್ರಬಲ ಆನುವಂಶಿಕ ಕ್ರಮವನ್ನು ಗುರುತಿಸಿದರು. ಈ ತೀರ್ಮಾನ ಏಡಿಯ ಶಂಕೆಗಿಂತ ಬಲವಾದ ಆಧಾರವುಳ್ಳದ್ದೆಂಬುದರಲ್ಲಿ ಸಂಶಯವಿಲ್ಲ. ಎಪಿಜೆನೆಟಿಕ್ಸಿನ ಹೆಸರು ಹೇಳಿ ಅದನ್ನು ತಳ್ಳಿಹಾಕುವುದು ನನ್ನ ಅಭಿಪ್ರಾಯವೂ ಅಲ್ಲ. ನಾನು ಎತ್ತುವ ಪ್ರಶ್ನೆ ಬೇರೆ. ಮೊದಲನೆಯ ವಿವರಣೆಯಲ್ಲಿ ತಪ್ಪು ಅವರ ಊಟದ್ದಾಯಿತು. ಎರಡನೆಯದರಲ್ಲಿ ಅವರ ರಕ್ತದ್ದಾಯಿತು. ಎರಡರಲ್ಲಿಯೂ ಅವರು ಆರೋಪಿಗಳೇ ಆದರು. ಅದೂ ಸಾಲದೆ ಊರಿನ ಹೆಸರೇ ರೋಗದ ಹೆಸರಾಗಿ ನಿಂತಿತು. ವಂಶವೆಂಬುದು ಆಜ್ಞೆಯಾಗಿದ್ದರೆ ಅದರ ಮುಂದೆ ಮಾಡುವುದೇನೂ ಇಲ್ಲವೆಂದು ಕಡತ ಮುಚ್ಚಬಹುದು. ಆದರೆ ಅದು ಒಂದು ಚರಿತ್ರೆಯ ಆರಂಭಮಾತ್ರವಾಗಿದ್ದರೆ, ಆ ಮಗುವಿನ ಆಹಾರ, ಅದು ಹೊರುವ ಭಾರ, ಚಿಕಿತ್ಸೆ ದೊರೆಯುವ ವಯಸ್ಸು ಇವೆಲ್ಲವೂ ವಿಚಾರಿಸತಕ್ಕ ವಿಷಯಗಳಾಗುತ್ತವೆ. ರೋಗದ ಮೂಲ ವಂಶದಲ್ಲಿದ್ದರೂ ಅದರ ಪಾಡು ಪೂರ್ತಿಯಾಗಿ ವಂಶದಲ್ಲಿಲ್ಲ.

೬

ನಮ್ಮ ಜಿಲ್ಲೆಯ ಕಷ್ಟ ಇದಕ್ಕೆ ಪ್ರತಿಯಾದುದು. ಇಲ್ಲಿ ಅಪಾದನೆ ಇರುವುದು ನೀರಿನ ಮೇಲೆ. ಫ್ಲೋರೈಡು ಹೆಚ್ಚಾದ ನೀರಿನಿಂದ ಮೂಳೆ ಕೆಡುವುದನ್ನು ಭಾರತದಲ್ಲಿ ಷಾರ್ಟ್ ಮತ್ತು ಅವರ ಸಹೋದ್ಯೋಗಿಗಳು ೧೯೩೭ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ವರದಿಮಾಡಿದರು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ೧.೫ ಮಿಲಿಗ್ರಾಂ ಫ್ಲೋರೈಡನ್ನು ವಿಶ್ವ ಆರೋಗ್ಯ ಸಂಸ್ಥೆ ಮೇಲ್ಮಿತಿಯಾಗಿ ಸೂಚಿಸಿದೆ. ಭಾರತೀಯ ಮಾನಕವು ೧ ಮಿಲಿಗ್ರಾಮನ್ನು ಒಪ್ಪತಕ್ಕ ಮಿತಿಯೆಂದೂ, ಬೇರೆ ನೀರು ಇಲ್ಲದ ಕಡೆ ಮಾತ್ರ ೧.೫ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. ತುಮಕೂರು ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿಗಳ ಅಂತರ್ಜಲದಲ್ಲಿ ಈ ಮಿತಿ ಮೀರಿದ ಸ್ಥಳಗಳು ಪ್ರಸಿದ್ಧವಾಗಿವೆ. ತೆಂಗಿನ ಸೀಮೆಯ ಕೆಲವು ಹಳ್ಳಿಗಳೂ ಇದಕ್ಕೆ ಹೊರತಲ್ಲ. ಕಣಶಿಲೆ ಮತ್ತು ಗ್ರಾನೈಟಿನ ಖನಿಜಗಳಿಂದ ಫ್ಲೋರೈಡು ನಿಧಾನವಾಗಿ ನೀರಿಗೆ ಇಳಿಯುತ್ತದೆ. ಕೆರೆಯ ನೀರು ಮತ್ತು ಅದರ ಆಸರೆಯ ತೆರೆದ ಬಾವಿಯ ನೀರು ಮಳೆಯಿಂದ ವರ್ಷವರ್ಷವೂ ಹೊಸದಾಗುತ್ತಿತ್ತು. ತೋಟಗಳಿಗಾಗಿ ಕೊಳವೆಬಾವಿಗಳು ಹೆಚ್ಚಿ, ಸಾವಿರ ಅಡಿ ಕೊರೆಯುವುದೂ ಅಪರೂಪವಲ್ಲದ ಕಾಲ ಬಂದಾಗ, ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಮನೆಯ ಕೊಡಕ್ಕೆ ಬಂದಿತು. ಗೊರೂರಿನ ಹೇಮಾವತಿ ಜಲಾಶಯದ ನೀರು ನಾಲೆಯ ಮೂಲಕ ಈ ಕಡೆಯ ಕೆಲವು ಕೆರೆಗಳನ್ನು ಮುಟ್ಟಿದೆ, ಎಲ್ಲ ಕೆರೆಗಳನ್ನೂ ಅಲ್ಲ.

ಫ್ಲೋರೈಡು ಮೂಳೆಯ ಖನಿಜದಲ್ಲಿ ಸೇರಿಕೊಳ್ಳುವುದಲ್ಲದೆ ಮೂಳೆ ಕಟ್ಟುವ ಕೋಶಗಳನ್ನೂ ಪ್ರಚೋದಿಸುತ್ತದೆ. ಮೂಳೆ ಅಳತೆಮೀರಿ ದಟ್ಟವಾಗುತ್ತದೆ, ಸ್ನಾಯುಬಂಧಗಳು ಸುಣ್ಣಗಟ್ಟುತ್ತವೆ, ಬೆನ್ನು ಬಗ್ಗದಂತಾಗುತ್ತದೆ. ಆದರೆ ಒಂದೇ ಬಾವಿಯ ನೀರು ಕುಡಿದವರೆಲ್ಲರಿಗೂ ಒಂದೇ ಪ್ರಮಾಣದ ಕೇಡು ಆಗುವುದಿಲ್ಲ. ಆಹಾರದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡಿನ ಹೀರಿಕೆ ಕಡಮೆಯಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ನಮ್ಮ ಮುದ್ದೆಯ ಊಟ ಈ ಲೆಕ್ಕದಲ್ಲಿ ಅಲ್ಪವಾದುದಲ್ಲ. ವಂಶ, ಊಟ, ದುಡಿಮೆ, ವಯಸ್ಸು ಎಲ್ಲವೂ ಇಲ್ಲಿ ಸೇರುತ್ತವೆ. ಫ್ಲೋರೈಡಿನಿಂದ ಮೀಥೈಲ್ ಗುರುತುಗಳು ವ್ಯತ್ಯಾಸಗೊಳ್ಳುವುದನ್ನು ತೋರಿಸುವ ಅಧ್ಯಯನಗಳೂ ಬಂದಿವೆ. ಅವು ಗುರುತಿನ ಬದಲಾವಣೆಯನ್ನು ತೋರಿಸುತ್ತವೆ. ಆ ಬದಲಾವಣೆಯೇ ರೋಗದ ಕಾರಣವೆಂಬುದು ಅಷ್ಟರಿಂದ ಸಿದ್ಧವಾಗದು.

ಇದರಲ್ಲಿ ಚರಿತ್ರಕಾರನ ಕಣ್ಣಿಗೆ ಮುಖ್ಯವಾಗಿ ತೋರುವುದು ಕಾಲದ ವಿಷಯ. ಹಲ್ಲಿನ ಹೊರಪದರು ಬಾಲ್ಯದಲ್ಲಿ ಒಮ್ಮೆ ಕಟ್ಟಿಕೊಂಡರೆ ಮತ್ತೆ ಹೊಸದಾಗುವುದಿಲ್ಲ. ಮುಂದಿನ ಹಲ್ಲುಗಳಲ್ಲಿ ಕಾಣುವ ಫ್ಲೋರೈಡಿನ ಕಂದುಪಟ್ಟಿ, ಆ ವ್ಯಕ್ತಿ ಸುಮಾರು ಎಂಟು ವರ್ಷದೊಳಗೆ ಕುಡಿದ ನೀರಿನ ದಾಖಲೆ; ಆಮೇಲೆ ಎಷ್ಟು ಒಳ್ಳೆಯ ನೀರು ಕುಡಿದರೂ ಅದು ಅಳಿಯದು, ಆಮೇಲೆ ಎಷ್ಟು ಕೆಟ್ಟ ನೀರು ಕುಡಿದರೂ ಅದು ಹೊಸದಾಗಿ ಮೂಡದು. ಮೂಳೆಯ ರೀತಿ ಬೇರೆ. ಕರಗಿಸುವ ಕೋಶ ಮತ್ತು ಕಟ್ಟುವ ಕೋಶ ಇವೆರಡರ ಕೆಲಸದಿಂದ ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತರಲ್ಲಿ ಒಂದು ಭಾಗ ವರ್ಷವರ್ಷವೂ ಹೊಸದಾಗುತ್ತದೆ. ಕಟ್ಟುವ ಕೋಶಗಳಲ್ಲಿ ಕೆಲವು ತಾವು ಕಟ್ಟಿದುದರಲ್ಲಿಯೇ ಹೂತು ಆಸ್ಟಿಯೋಸೈಟುಗಳಾಗುತ್ತವೆ. ಆ ಹಂತದಲ್ಲಿ ಸ್ಕ್ಲೆರೋಸ್ಟಿನ್ ಎಂಬ ತಡೆಪ್ರೊಟೀನಿನ ವಂಶವಾಹಿಯ ಮೀಥೈಲ್ ಗುರುತು ಇಳಿದು ಅದು ತೆರೆಯುತ್ತದೆಂದು ೨೦೧೨ರ ಅಧ್ಯಯನವೊಂದು ತೋರಿಸಿದೆ. ಮೂಳೆಯನ್ನು ಕಟ್ಟಿದವನೇ ಮುಂದೆ ಕಟ್ಟುವ ಕೆಲಸಕ್ಕೆ ಮಿತಿ ಹಾಕುವವನಾಗುತ್ತಾನೆ. ಹಲ್ಲು ಶಾಸನ, ಮೂಳೆ ಕಡತ. ಆದುದರಿಂದ ಒಂದು ಹಳ್ಳಿಗೆ ಒಳ್ಳೆಯ ನೀರು ಬಂದಿತೆಂದರೆ ಸಾಲದು. ಯಾರಿಗೆ, ಅವರ ಎಷ್ಟನೆಯ ವಯಸ್ಸಿನಲ್ಲಿ ಬಂದಿತೆಂದು ಕೇಳಬೇಕು. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕ ಆರು ತಿಂಗಳು ಕೆಟ್ಟು ನಿಂತರೆ ಅದು ಅಜ್ಜನಿಗೂ ಮೊಮ್ಮಗನಿಗೂ ಸಮಾನವಾದ ನಷ್ಟವಲ್ಲ.

೭

ಇಷ್ಟು ಹೇಳಿದ ಮೇಲೆ ಇನ್ನೊಂದು ದಿಕ್ಕಿನ ಅತಿರೇಕವನ್ನೂ ಎಚ್ಚರಿಸದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಎಪಿಜೆನೆಟಿಕ್ಸ್ ಎಂಬ ಹೆಸರು ಹಿಡಿದು, ಹಿರಿಯರು ಪಟ್ಟ ಪಾಡೆಲ್ಲ ನಮ್ಮ ಮೈಯಲ್ಲಿ ಬರೆದಿದೆಯೆಂದು ಭಾಷಣ ಮಾಡುವ ವಾಡಿಕೆ ಬೆಳೆಯುತ್ತಿದೆ. ಇದಕ್ಕೆ ಆಧಾರವಾಗಿ ೧೯೪೪-೪೫ರ ಹಾಲೆಂಡಿನ ಹಸಿವಿನ ಚಳಿಗಾಲವನ್ನು ಉದಾಹರಿಸುತ್ತಾರೆ. ಆ ತಿಂಗಳುಗಳಲ್ಲಿ ಗರ್ಭದಲ್ಲಿ ಮೊಳೆತವರನ್ನು ಅವರವರ ಒಡಹುಟ್ಟಿದವರೊಡನೆ ಹೋಲಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ಮೀಥೈಲ್ ಗುರುತು ಆರು ದಶಕಗಳ ಬಳಿಕವೂ ಕಡಮೆಯಿರುವುದು ೨೦೦೮ರಲ್ಲಿ ಪ್ರಕಟವಾಯಿತು. ಇದು ಬೆಲೆಯುಳ್ಳ ಸಂಗತಿ. ಆದರೆ ಅದು ಸಾಧ್ಯವಾದದ್ದು ಕ್ಷಾಮದ ತಾರೀಖು, ಪಡಿತರದ ಪ್ರಮಾಣ, ಜನನದ ದಾಖ಼ಲೆ ಇವು ಖಚಿತವಾಗಿದ್ದುದರಿಂದ. ಪರೀಕ್ಷಿಸಿದುದು ರಕ್ತದ ಕೋಶಗಳನ್ನು, ಮೂಳೆಯನ್ನಲ್ಲ. ಕಂಡದ್ದು ಅದೇ ಜನರಲ್ಲಿ, ಅವರ ಮೊಮ್ಮಕ್ಕಳಲ್ಲಲ್ಲ.

ಮೈಸೂರು ಸಂಸ್ಥಾನದ ೧೮೭೬-೭೮ರ ಕ್ಷಾಮ ಇದಕ್ಕಿಂತ ಘೋರವಾದುದು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಜನಸಂಖ್ಯೆ ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿಯಿತು. ಅದರ ಗುರುತು ಇಂದಿನ ನಮ್ಮ ಮೂಳೆಗಳಲ್ಲಿದೆಯೆಂದು ಹೇಳಲು ಆಸೆಯಾಗಬಹುದು. ಆದರೆ ಹಾಗೆ ಹೇಳಲು ಯಾವ ಪ್ರಮಾಣವೂ ನಮ್ಮಲ್ಲಿಲ್ಲ. ದಾನಪತ್ರವಿಲ್ಲದೆ ದಾನವನ್ನು ಒಪ್ಪದ ನಾವು, ಪ್ರಮಾಣವಿಲ್ಲದ ಗುರುತನ್ನು ಒಪ್ಪಬೇಕಾದ ಕಾರಣವಿಲ್ಲ. ಎಲ್ಲವನ್ನೂ ವಂಶಕ್ಕೆ ಹೊರಿಸುವುದು ಎಷ್ಟು ಸುಲಭವೋ, ಎಲ್ಲವನ್ನೂ ಹಿಂದಿನ ಕಷ್ಟಕ್ಕೆ ಹೊರಿಸುವುದೂ ಅಷ್ಟೇ ಸುಲಭ. ಎರಡರಲ್ಲಿಯೂ ಇಂದಿನ ಹೊಣೆ ತಪ್ಪಿಹೋಗುತ್ತದೆ.

೮

ಈ ವಿಮರ್ಶೆಯ ಫಲಿತಾಂಶವನ್ನು ಸಂಗ್ರಹಿಸಿ ಹೇಳಬಹುದು. ಮೂಳೆಯ ಕೋಶಕ್ಕೆ ಅರಸನಿಲ್ಲ. ಅಲ್ಲಿರುವುದು ಹಿಂದಿನ ಹೆಜ್ಜೆಯಿಂದ ಮುಂದಿನ ಹೆಜ್ಜೆಯ ಸಾಧ್ಯತೆಗಳು ಕಡಮೆಯಾಗುತ್ತ, ಕೆಲವು ತೆರೆಯುತ್ತ, ಒಂದಷ್ಟು ಗುರುತು ಉಳಿಯುತ್ತ ಒಂದಷ್ಟು ಅಳಿಯುತ್ತ ನಡೆಯುವ ಒಂದು ಕಾಲಕ್ರಮ. ‘ನಿಯಂತ್ರಣ’ವೆಂಬ ಮಾತು ಪ್ರಯೋಗಶಾಲೆಯಲ್ಲಿ ಸಂಕ್ಷೇಪಕ್ಕಾಗಿ ಬಳಕೆಯಾಗುವುದಾದರೆ ಆಗಲಿ. ತರಗತಿಯಲ್ಲಿಯೂ ಆರೋಗ್ಯದ ಚರ್ಚೆಯಲ್ಲಿಯೂ ಅದನ್ನು ಬಳಸುವಾಗ, ಯಾರು ನಿಯಂತ್ರಿಸಿದರೆಂಬ ಪ್ರಶ್ನೆಗೆ ಬದಲಾಗಿ ಯಾವಾಗ ಏನಾಯಿತೆಂಬ ಪ್ರಶ್ನೆಯನ್ನು ಮುಂದಿಡುವುದು ಒಳ್ಳೆಯದು.

ಆ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ಚರಿತ್ರೆಯ ವಿಭಾಗಗಳಿಗೂ ಒಂದು ಪಾಲುಂಟು. ಜೀವವಿಜ್ಞಾನಿಯು ಮೂಳೆಯ ಗುರುತನ್ನು ಓದಬಲ್ಲನು. ಆ ಗುರುತು ಯಾವ ನೀರಿನ ಕಾಲದ್ದೆಂದು ಅವನಿಗೆ ಹೇಳುವವರು ಬೇಕು. ಒಂದೊಂದು ಹಳ್ಳಿಯಲ್ಲಿ ಕೆರೆಯ ನೀರನ್ನು ಕುಡಿಯುವುದು ಯಾವ ವರ್ಷ ನಿಂತಿತು, ತೆರೆದ ಬಾವಿ ಯಾವಾಗ ಬತ್ತಿತು, ಮೊದಲ ಕೊಳವೆಬಾವಿ ಯಾವಾಗ ಎಷ್ಟು ಆಳಕ್ಕೆ ಇಳಿಯಿತು, ನೀರಿನ ಘಟಕ ಯಾವಾಗ ಬಂದು ಎಷ್ಟು ದಿನ ನಡೆಯಿತು, ಅಡಿಗೆಗೆ ಯಾವ ನೀರು, ಕುಡಿಯಲು ಯಾವ ನೀರು ಎಂಬ ವಿವರಗಳು ಪಂಚಾಯಿತಿಯ ಪುಸ್ತಕಗಳಲ್ಲಿಯೂ ಮುದುಕರ ನೆನಪಿನಲ್ಲಿಯೂ ಚದುರಿಬಿದ್ದಿವೆ. ಕಾಲೇಜಿನ ವಿದ್ಯಾರ್ಥಿಗಳು ತಂತಮ್ಮ ಊರಿನ ಮಟ್ಟಿಗೆ ಇದನ್ನು ವರ್ಷಗಳ ಕ್ರಮದಲ್ಲಿ ಬರೆದಿಡಬಲ್ಲರು. ಅದಕ್ಕೆ ಯಂತ್ರ ಬೇಡ, ಧನಸಹಾಯ ಬೇಡ. ಕೆರೆಯ ನೀರು ಕುಡಿದು ಬೆಳೆದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರು ಹೋದ ಮೇಲೆ ಈ ಕಡತ ಒರಸಿಹೋಗುತ್ತದೆ. ಮಕ್ಕಳ ಹಲ್ಲಿನ ಶಾಸನ ಮಾತ್ರ ಉಳಿಯುತ್ತದೆ.